ಒತ್ತಿಗೆ ಜಾಗ ಬೇಡ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಡಿಪೋದಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಸಿಟಿ ಬಸ್ಸು ಓಡಿಸಿದವನ ಮೂಗಿನ ತುದಿಯಲ್ಲಿ ಕೋಪವಲ್ಲದೆ ಮುತ್ತಿನ ನತ್ತು ಇರುತ್ತದೆಯೇ? ಆದರೆ ಮನೆಯಲ್ಲಿ ಆ ಕೋಪದ ಆಟ ನಡೆಯುವುದಿಲ್ಲ. ನನ್ನ ಹೆಂಡತಿ ಕೂಗಾಡುವವಳಲ್ಲ, ಅಳುವವಳೂ ಅಲ್ಲ, ಸುಮ್ಮನಾಗುವವಳು. ಕೂಗಾಡುವವರ ಹತ್ತಿರ ನಾವೂ ಎರಡು ಮಾತು ಬಿಟ್ಟು ಹಗುರಾಗಬಹುದು. ಸುಮ್ಮನಾಗುವವರ ಹತ್ತಿರ ಏನು ಮಾಡುತ್ತೀರಿ? ಗೋಡೆಗೆ ಹಾರ್ನ್ ಹೊಡೆದ ಹಾಗೆ. ಅವಳು ಎರಡು ತಿಂಗಳು ಸುಮ್ಮನಾದಾಗ ನಾನು ಪಟ್ಟ ಪಾಡನ್ನು ಹೇಳದಿದ್ದರೆ ಅವಳ ಬಗ್ಗೆ ಹೇಳಿದಂತಾಗುವುದಿಲ್ಲ.

ಅವಳು ಅಚ್ಚಿನ ಮನೆಯ ಮಗಳು. ನಮ್ಮ ಮಾವನವರ ಮನೆಯ ಮುಂದಿನ ಕೋಣೆ ಪ್ರೆಸ್ಸು, ಹಿಂದಿನ ಕೋಣೆ ಸಂಸಾರ, ನಡುವೆ ಒಂದು ಹಳೇ ಪರದೆ. ನಾನು ಮೊದಲ ಸಲ ಆ ಮನೆಗೆ ಹೋದಾಗ ನೀರು ಕೊಟ್ಟ ಲೋಟದ ಮೇಲೂ ಮಸಿಯ ಬೆರಳಿನ ಗುರುತಿತ್ತು. ಗೋಡೆಯುದ್ದಕ್ಕೂ ಮರದ ಖಾನೆಗಳು, ಖಾನೆ ತುಂಬ ಸೀಸದ ಅಕ್ಷರಗಳು. ಅವರ ಬಾಯಲ್ಲಿ ಅವು ಮೊಳೆಗಳು. ಒಂದೊಂದೇ ಮೊಳೆ ಹೆಕ್ಕಿ ಸಾಲು ಜೋಡಿಸುತ್ತಿದ್ದರು. ನನ್ನ ಹೆಂಡತಿ ನಡೆಯಲು ಕಲಿತದ್ದು ಆ ಖಾನೆಗಳನ್ನು ಹಿಡಿದುಕೊಂಡು.

ಅವಳಿಗೊಬ್ಬ ತಮ್ಮ. ಎಂಟು ವರ್ಷ ಚಿಕ್ಕವನು. ಅವನು ಕೈಗೂಸಾಗಿದ್ದಾಗಲೇ ಅತ್ತೆ ತೀರಿಹೋದರು. ಹಾಗಾಗಿ ಅವನಿಗೆ ಅಕ್ಕನೇ ಅಮ್ಮ. ಅವಳು ಎಲ್ಲಿ ನಿಂತರೆ ಅಲ್ಲಿ, ಅವಳ ಲಂಗ ಹಿಡಿದುಕೊಂಡು ಕಾಲ ಬುಡದಲ್ಲಿ ಅವನು ಅಂಟಿಕೊಂಡಿರುತ್ತಿದ್ದನಂತೆ. ಹಗಲೆಲ್ಲ ಅಕ್ಷರವನ್ನೇ ನೋಡುತ್ತಿದ್ದ ಮಾವ ಅವನಿಗೆ ಇಟ್ಟ ಅಡ್ಡಹೆಸರು ಒತ್ತು. ಅಕ್ಷರದ ಬುಡಕ್ಕೆ ಅಂಟಿಕೊಳ್ಳುವ ಒತ್ತಕ್ಷರವೇ ಅವನು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು, ಅದನ್ನು ಮೇಷ್ಟರ ಹೊರತು ಯಾರೂ ಕರೆಯಲಿಲ್ಲ.

ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆಂದು ಅಂದಾಜು ಮಾಡುವಾಗ ಆ ಪ್ರೆಸ್ಸಿನಲ್ಲಿ ಒತ್ತನ್ನು ಎಣಿಸುತ್ತಿರಲಿಲ್ಲ. ಅದು ಅಕ್ಷರದ ಕೆಳಗೆ ಕೂರುವುದಲ್ಲವೇ, ಸಾಲಿನ ಅಗಲಕ್ಕೆ ಅದರ ಹಂಗಿಲ್ಲ. "ಒತ್ತಿಗೆ ಜಾಗ ಬೇಡ" ಎಂಬುದು ಅಲ್ಲಿಯ ವೇದವಾಕ್ಯ. ಮನೆಯಲ್ಲೂ ಅದೇ ತಮಾಷೆ. ನೆಂಟರು ಬಂದರೆ ಹಾಸಿಗೆ ಸಾಲುತ್ತಿರಲಿಲ್ಲ. ಹುಡುಗ ಎಲ್ಲಿ ಮಲಗುತ್ತಾನೆ ಎಂದು ಯಾರಾದರೂ ಕೇಳಿದರೆ ಮಾವ, "ಒತ್ತಿಗೆ ಜಾಗ ಬೇಡ ಕಣ್ರೀ, ಅದು ಕೆಳಗೆ ಎಲ್ಲೋ ಕೂತ್ಕೊಳ್ಳುತ್ತೆ" ಎನ್ನುತ್ತಿದ್ದರು. ಅವನು ಕಾಗದ ಕತ್ತರಿಸುವ ಮೇಜಿನ ಕೆಳಗೆ ರದ್ದಿ ಹಾಸಿಕೊಂಡು ಮಲಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ನಾನೂ ಆ ಮನೆಯ ಅಳಿಯನಾದ ಮೇಲೆ ಎಷ್ಟೋ ಸಲ ನಕ್ಕಿದ್ದೇನೆ.

ಆಮೇಲೆ ಕಂಪ್ಯೂಟರು ಬಂತು, ಮೊಳೆಗಳು ಮೂಲೆಗೆ ಸೇರಿದವು. ಅಕ್ಕ ಒಂದು ದೊಡ್ಡ ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸ ಹಿಡಿದಳು. ತಮ್ಮ ಪ್ರೋಗ್ರಾಂ ಬರೆಯುವುದನ್ನು ಕಲಿತ, ಕಲಿತದ್ದನ್ನು ಅಕ್ಕನಿಗೂ ಹೇಳಿಕೊಟ್ಟ. ಆಗಿನ ಯಂತ್ರಗಳಿಗೊಂದು ಕೆಟ್ಟ ಚಾಳಿಯಿತ್ತು. ಸಾಲು ತುಂಬಿದರೆ ಪದವನ್ನು ಎಲ್ಲೆಂದರಲ್ಲಿ ಕತ್ತರಿಸಿಬಿಡುತ್ತಿದ್ದವು. ಅಕ್ಷರ ಈ ಸಾಲಿನಲ್ಲಿ, ಅದರ ಒತ್ತು ಮುಂದಿನ ಸಾಲಿನಲ್ಲಿ ಅನಾಥ. ಅದನ್ನು ನೋಡಿದರೆ ಅಕ್ಕತಮ್ಮ ಇಬ್ಬರಿಗೂ ಮೈಯೆಲ್ಲ ಉರಿಯುತ್ತಿತ್ತು. ಇಬ್ಬರೂ ಕೂತು ಒಂದು ಪುಟ್ಟ ಪ್ರೋಗ್ರಾಂ ಬರೆದರು. ಹೆಸರು 'ಸಾಲು'. ಅದರಲ್ಲಿ ಬಣ್ಣ ಬೆಡಗು, ಒತ್ತಲು ಗುಂಡಿ, ಏನೂ ಇಲ್ಲ. ಕಪ್ಪು ಕಿಟಕಿಯಲ್ಲಿ 'ಸಾಲು' ಎಂದು ಟೈಪಿಸಿ ಕಡತದ ಹೆಸರು ಕೊಟ್ಟರೆ ಸಾಲುಗಳನ್ನು ಸರಿಯಾದ ಕಡೆ ಮುರಿದು ಕೊಡುತ್ತದೆ. ಅಕ್ಷರದಿಂದ ಒತ್ತನ್ನು ಬೇರೆ ಮಾಡಬಾರದು, ಅಷ್ಟೇ ಅದರ ವ್ರತ.

ಅದನ್ನು ಮಾರಲಿಲ್ಲ. ಒಳಗಿನ ಬರಹವನ್ನೆಲ್ಲ ತೆರೆದು ಲೋಕಕ್ಕೆ ಇಟ್ಟುಬಿಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಓದಬಹುದು, ತಪ್ಪಿದ್ದರೆ ಹೇಳಬಹುದು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ನಾನು ರೇಗಿಸಿದೆ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಸಣ್ಣಪುಟ್ಟ ಮುದ್ರಣಾಲಯಗಳು, ಯಾವುದೋ ಶಾಲೆಗಳು, ನನ್ನ ಬಸ್ಸಿನ ದಾರಿಯಲ್ಲೇ ಇರುವ ಕಣ್ಣು ಕಾಣದವರ ಪುಸ್ತಕಾಲಯ, ಎಲ್ಲರೂ ಅದನ್ನು ಬಳಸತೊಡಗಿದರು. ಪ್ರೋಗ್ರಾಮಿನ ಪುಟದಲ್ಲಿ ಒಡೆಯರು ಎಂದು ಎರಡು ಹೆಸರು, ಅಕ್ಕನದು ಮೇಲೆ, ತಮ್ಮನದು ಕೆಳಗೆ.

ಮಾವ ತೀರಿಕೊಂಡ ವರ್ಷ ಆ ಮನೆ ಖಾಲಿ ಮಾಡಬೇಕಾಗಿ ಬಂತು. ತಮ್ಮ ನಮ್ಮ ಜೊತೆಗೇ ಬಂದ. ನಮ್ಮದು ಎರಡು ಕೋಣೆಯ ಮನೆ. ಬಟ್ಟೆ ಒಣಗಿಸಲು ಹಗ್ಗ ಕಟ್ಟಿದರೆ ತಲೆ ಬಗ್ಗಿಸಿ ಓಡಾಡಬೇಕು. ಅದರಲ್ಲಿ ಆ ಮೊಳೆಯ ಖಾನೆಗಳನ್ನು ಎಲ್ಲಿಡುವುದು? ಹೇಗೋ ತಂದು ಒಂದು ಗೋಡೆಗೆ ಪೇರಿಸಿದ್ದೆವು. ಒಂದು ಮಧ್ಯಾಹ್ನ ಇವಳು ಗುಜರಿಯವನನ್ನು ಕರೆಸಿ ಎಲ್ಲವನ್ನೂ ಕೊಟ್ಟುಬಿಟ್ಟಳು. ಸೀಸ ಕರಗಿಸಲು ಹೋಯಿತು. ಸಂಜೆ ತಮ್ಮ ಕೆಲಸದಿಂದ ಬಂದು ಖಾಲಿ ಗೋಡೆ ನೋಡುತ್ತ ನಿಂತ.

"ಅಕ್ಕ, ಒಂದು ಮಾತು ಕೇಳಬಾರದಿತ್ತಾ?" ಎಂದ.

ಇವಳು ಒಲೆಯ ಮುಂದೆ ಬೆವರಿಕೊಂಡು ನಿಂತಿದ್ದಳು. ತಿರುಗಿಯೂ ನೋಡಲಿಲ್ಲ. "ನಿನ್ನನ್ನೇನೋ ಕೇಳೋದು?" ಎಂದುಬಿಟ್ಟಳು.

ಎಲ್ಲ ಮನೆಗಳಲ್ಲೂ ಅಕ್ಕಂದಿರು ಆಡುವ ಮಾತೇ. ಅವಳು ಅದನ್ನು ಸಾವಿರ ಸಲ ಆಡಿರಬಹುದು. ಅವನಿಗೆ ಊಟಕ್ಕೆ ಏನು ಬೇಕಂತೆ ಎಂದು ನಾನು ಕೇಳಿದರೂ, ಅವನಿಗೆ ಯಾವ ಅಂಗಿ ತರೋಣ ಎಂದು ಕೇಳಿದರೂ, "ಅವನನ್ನೇನು ಕೇಳೋದು" ಎಂದೇ ಅವಳ ಉತ್ತರ. ಆದರೆ ಅವತ್ತು ಅವನು ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ವಾರ ಬಿಟ್ಟು ದೂರದ ಯಾವುದೋ ಊರಿನಲ್ಲಿ ಕೆಲಸ ಸಿಕ್ಕಿದೆ ಎಂದು ಒಂದು ಚೀಲ ಹಿಡಿದು ಹೊರಟ. ಮೊದಲ ವರ್ಷ ಫೋನ್ ಮಾಡಿದರೆ "ಆರಾಮಾಗಿದೀನಿ" ಎನ್ನುತ್ತಿದ್ದ. ಆಮೇಲೆ ಆ ನಂಬರು ಸತ್ತುಹೋಯಿತು. ಹಾಗೆ ಐದು ವರ್ಷ.

ಮೇಲ್ ಬರೆ ಎಂದು ನಾನು ಎಷ್ಟು ಬಡಿದುಕೊಂಡೆ! "ಹಿರಿಯಳು ನಾನು, ನಾನ್ಯಾಕೆ ಬರೀಲಿ" ಎಂದಳು ಮೊದಲು. ಆಮೇಲೆ ಅದನ್ನೂ ಹೇಳಲಿಲ್ಲ. ಆದರೆ ಅವಳು ಅವನಿಗಾಗಿ ಹಂಬಲಿಸುತ್ತಿದ್ದಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನನ್ನ ಬಸ್ಸಿನಲ್ಲಿ ಕೂತಳೆಂದರೆ ಪ್ರತಿ ಸ್ಟಾಪಿನಲ್ಲೂ ಹತ್ತುವವರ ಮುಖ ನೋಡುತ್ತಾಳೆ. ಕನ್ನಡಿಯಲ್ಲಿ ನನಗೆ ಕಾಣುವುದಿಲ್ಲವೇ?

ಇಂಥ ಹೊತ್ತಿನಲ್ಲಿ ಆ ಮೇಲ್ ಬಂತು.

ಬರೆದವನು ಹೊರದೇಶದವನು, ಇಂಗ್ಲಿಷಿನಲ್ಲಿ ಬರೆದಿದ್ದ. ಲೋಕಕ್ಕೆ ತೆರೆದಿಟ್ಟ ಪ್ರೋಗ್ರಾಮುಗಳಲ್ಲಿ ತೂತು ಹುಡುಕುವುದು ಅವನ ಕಸುಬು. ಹೀಗೂ ಒಂದು ಕಸುಬಿದೆಯೇ ಎಂದು ನನಗೆ ಸೋಜಿಗ. ನಮ್ಮಲ್ಲಿ ಇನ್ನೊಬ್ಬರ ಮನೆಯ ತೂತು ಹುಡುಕುವವರಿಗೇನು ಕಡಿಮೆ, ಆದರೆ ಅದಕ್ಕೆ ಯಾರೂ ಕಸುಬು ಅನ್ನುವುದಿಲ್ಲ. ಇವನು ಮರ್ಯಾದಸ್ಥ. ಒತ್ತಿನ ಮೇಲೆ ಒತ್ತು ಪೇರಿಸಿದ, ಅರ್ಥವೇ ಇಲ್ಲದ ಒಂದು ಉದ್ದನೆಯ ಪದವನ್ನು 'ಸಾಲು'ಗೆ ತಿನ್ನಿಸಿದೆ, ಅದು ಕುಸಿದು ಬಿತ್ತು, ಕಿಡಿಗೇಡಿಗಳು ಕೈಯಿಟ್ಟರೆ ಇನ್ನೂ ಕೆಟ್ಟದ್ದಾಗಬಹುದು ಎಂದು ಬರೆದಿದ್ದ. ಮೂರು ತಿಂಗಳು ಯಾರಿಗೂ ಹೇಳುವುದಿಲ್ಲ, ಅಷ್ಟರಲ್ಲಿ ಸರಿಪಡಿಸಿ, ಆಮೇಲೆ ಊರಿಗೆಲ್ಲ ಸಾರುತ್ತೇನೆ ಎಂದಿದ್ದ. ಪತ್ರ ಇಬ್ಬರು ಒಡೆಯರಿಗೂ ಹೋಗಿತ್ತು.

"ಕುಸಿದು ಬಿದ್ರೆ ಬೀಳ್ಲಿ ಬಿಡು, ಮತ್ತೆ ಶುರು ಮಾಡಿದ್ರಾಯ್ತು" ಎಂದೆ ನಾನು. ಪಾಳಿ ಮುಗಿಸಿ ಬಂದು ಕಾಲು ಚಾಚಿದ್ದೆ.

"ಅಷ್ಟೇ ಆಗಿದ್ರೆ ಸರಿಯಿತ್ತು ರೀ. ನಿಮ್ಮ ಬಸ್ಸಲ್ಲಿ ಸೀಟೆಲ್ಲ ತುಂಬಿದ ಮೇಲೂ ಜನ ಹತ್ತಿದ್ರೆ ಏನಾಗುತ್ತೆ?"

"ನಿಂತ್ಕೊಳ್ತಾರೆ."

"ನಿಲ್ಲೋಕೂ ಜಾಗ ಇಲ್ಲ. ಆದ್ರೂ ನುಗ್ತಿದಾರೆ."

"ನನ್ನ ಮೈಮೇಲೆ ಬೀಳ್ತಾರೆ. ದಿನಾ ಅದೇ ಹಣೆಬರಹ."

"ಮೈಮೇಲೆ ಬಿದ್ದವನು ಕಳ್ಳ ಆಗಿದ್ದು, ನಿಮ್ಮನ್ನ ತಳ್ಳಿ ಸ್ಟೀರಿಂಗ್ ಹಿಡಿದ್ರೆ?"

ನಾನು ಚಾಚಿದ್ದ ಕಾಲು ಮಡಚಿ ಎದ್ದು ಕೂತೆ. ಬಸ್ಸು ಆಮೇಲೆ ಅವನು ಹೇಳಿದ ಕಡೆ ಹೋಗುತ್ತದೆ. ಇಷ್ಟು ಸಾಕಾಯಿತು ನನಗೆ. ಒಂದು ಪದಕ್ಕೆಂದು ಇಟ್ಟ ಜಾಗ ತುಂಬಿ ತುಳುಕಿ ಪಕ್ಕದ ಜಾಗಕ್ಕೆ ನುಗ್ಗುತ್ತದೆ, ಆ ಪಕ್ಕದ ಜಾಗದಲ್ಲಿ ಮುಂದೇನು ಮಾಡಬೇಕೆಂಬ ಆಜ್ಞೆ ಕೂತಿರುತ್ತದೆ.

"ಯಾಕೆ ಹೀಗಾಯ್ತು?" ಎಂದೆ.

ಅವಳು ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲಿಟ್ಟ ಕಂಪ್ಯೂಟರಿನ ಮುಂದೆ ಕೂತು ಒಳಗಿನ ಬರಹವನ್ನು ಓದುತ್ತ ಹೋದಳು. ಪದಕ್ಕೆ ಜಾಗ ಅಳೆಯುವ ಭಾಗ ತಮ್ಮನದು. ಓದುತ್ತ ಓದುತ್ತ ಅವಳ ಬೆರಳು ಪರದೆಯ ಮೇಲೆ ಒಂದು ಕಡೆ ನಿಂತಿತು. ನಮ್ಮ ಕಣ್ಣಿಗೆ 'ಸ್ತ್ರೀ' ಎನ್ನುವುದು ಒಂದೇ ಅಕ್ಷರ. ಯಂತ್ರಕ್ಕೆ ಹಾಗಲ್ಲವಂತೆ. ಅದು ಮೇಲಿನದಕ್ಕೊಂದು, ಕೆಳಗಿನ ಒಂದೊಂದು ಒತ್ತಿಗೂ ಒಂದೊಂದು, ಅವನ್ನು ಅಂಟಿಸುವುದಕ್ಕೂ ಒಂದೊಂದು, ಗುಣಿತಕ್ಕೊಂದು ಎಂದು ಬೇರೆಬೇರೆ ಜಾಗ ಕೇಳುತ್ತದೆ. ಒಂದೊಂದಕ್ಕೂ ಮೂರರಂತೆ ಆ ಒಂದು ಅಕ್ಷರಕ್ಕೆ ಹದಿನೆಂಟು ಖಾನೆ. ತಮ್ಮ ಅಕ್ಷರಗಳನ್ನು ಎಣಿಸಿದ್ದ, ಗುಣಿತವನ್ನೂ ಎಣಿಸಿದ್ದ. ಒತ್ತನ್ನು ಮಾತ್ರ ಎಣಿಸಿರಲಿಲ್ಲ. ಬೇರೆ ಯಾವ ದೇಶದವರೂ ಮಾಡಲಾರದ ತಪ್ಪು ಅದು. ಅಪ್ಪನ ಪ್ರೆಸ್ಸಿನ ಲೆಕ್ಕವನ್ನೇ ತಂದು ಯಂತ್ರಕ್ಕೆ ಕಲಿಸಿದ್ದ.

"ಒತ್ತಿಗೆ ಜಾಗ ಬೇಡ ಅಂತ ಅವನೇ ಬರ್ದಿದಾನೆ ನೋಡ್ರೀ" ಎಂದಳು. "ನಾವೇ ಹೇಳಿಕೊಟ್ಟಿದ್ದು. ಮೇಜಿನ ಕೆಳಗೆ ಮಲಗಿಸಿ ಮಲಗಿಸಿ ನಾವೇ ಹೇಳಿಕೊಟ್ಟಿದ್ದು."

ಅವತ್ತು ಅವಳು ಅತ್ತಳು. ಅಳುವವಳಲ್ಲ ಎಂದು ಮೇಲೆ ಬರೆದಿದ್ದೇನೆ, ಅದು ಸುಳ್ಳಾಯಿತು.

ಸರಿಪಡಿಸುವುದು ದೊಡ್ಡ ಕೆಲಸವಲ್ಲ, ಒಂದು ತಾಸಿನದು ಎಂದು ಅವಳೇ ಹೇಳಿದಳು. ಮಾರನೆಯ ದಿನ ಮುಗಿದಿರುತ್ತದೆ ಎಂದುಕೊಂಡೆ. ಮುಗಿಯಲಿಲ್ಲ. ವಾರವಾಯಿತು. ಅವಳು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಮೇಲ್ ನೋಡುವಳು, ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲು ನೋಡುವಳು. ನನಗೆ ತಡವಾಗಿ ಹೊಳೆಯಿತು. ತಮ್ಮನಿಗೂ ಆ ಪತ್ರ ಹೋಗಿದೆ. ತಪ್ಪು ಅವನದು. ಅವನು ಬಂದೇ ಬರುತ್ತಾನೆ, ಬಂದು ತನ್ನ ಸಾಲನ್ನು ತಾನೇ ತಿದ್ದುತ್ತಾನೆ, ಆ ನೆಪದಲ್ಲಾದರೂ ಒಂದು ಮಾತು ಆಡುತ್ತಾನೆ. ಅದಕ್ಕಾಗಿ ಇವಳು ತೂತನ್ನು ಹಾಗೇ ಬಿಟ್ಟುಕೊಂಡು ಕೂತಿದ್ದಾಳೆ.

ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

"ಬ್ರೇಕ್ ಸಡಿಲ ಅಂತ ಗೊತ್ತಿದ್ದೂ ಬಸ್ಸು ರೋಡಿಗೆ ಬಿಡ್ತಾರಾ? ಆ ಕಣ್ಣು ಕಾಣದೋರು ನನ್ನ ಬಸ್ಸಲ್ಲಿ ದಿನಾ ಬರ್ತಾರೆ ಕಣೇ. ಅವರ ಕಂಪ್ಯೂಟರಿಗೆ ಯಾವನಾದ್ರೂ ನುಗ್ಗಿದ್ರೆ?"

"ಅವರಿಗೆ ಫೋನ್ ಮಾಡಿ ಹೇಳಿದೀನಿ. ಹೊರಗಿನವರ ಕಡತ ಸದ್ಯಕ್ಕೆ ಹಾಕಬೇಡಿ ಅಂತ."

"ಮಿಕ್ಕವರಿಗೆ? ಲೋಕಕ್ಕೆಲ್ಲ ಕೊಟ್ಟಿದೀಯಲ್ಲ, ಯಾರ್ಯಾರು ಇಟ್ಕೊಂಡಿದಾರೆ ಅಂತ ನಿಂಗೆ ಗೊತ್ತಾ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತೀಯಾ?"

ಸುಮ್ಮನಾದಳು. ಆ ಮೌನವೇ ಹೆಚ್ಚುಕಡಿಮೆ ಎರಡು ತಿಂಗಳು ಎಳೆಯಿತು. ಉಪ್ಪು ಬೇಕಾ ಎಂದರೆ ತಲೆಯಾಡಿಸುವಳು. ನಾನು ಡಿಪೋದಲ್ಲಿ ಕಂಡಕ್ಟರನ ಮೇಲೆ, ಟೈರಿನವನ ಮೇಲೆ, ಅಡ್ಡ ಬಂದ ದನದ ಮೇಲೆ ಕೂಗಾಡಿದೆ. ಅವಳು ಪೂರ್ತಿ ತಪ್ಪೆಂದು ಹೇಳಲೂ ನನಗೆ ಬಾಯಿ ಬರಲಿಲ್ಲ. ತಿದ್ದಿಬಿಟ್ಟರೆ ಅವನು ಬರಲು ಇರುವ ಒಂದೇ ಬಾಗಿಲನ್ನು ಅವಳೇ ಕೈಯಾರೆ ಮುಚ್ಚಿದಂತೆ.

ಅವಧಿಗೆ ಒಂದು ತಿಂಗಳು ಉಳಿದಿರುವಾಗ ತೂತಿನವನ ಇನ್ನೊಂದು ಪತ್ರ ಬಂತು. ಈ ಸಲ ಅವಳಿಗೊಬ್ಬಳಿಗೇ. ಅವಳು ಓದಿ, ನನಗೂ ಅರ್ಥ ಹೇಳಿದಳು. 'ಆತುರಪಡಿಸುತ್ತಿದ್ದೇನೆ ಎಂದು ತಿಳಿಯಬೇಡಿ. ನಿಮ್ಮ ಜೊತೆಗಾರರು ಮೊದಲ ದಿನವೇ ನನಗೆ ಉತ್ತರ ಬರೆದಿದ್ದರು. ತಪ್ಪು ನನ್ನದೇ, ಸರಿಪಡಿಸುವುದೂ ಗೊತ್ತು, ಆದರೆ ಅಕ್ಕ ಕೇಳದೆ ನಾನು ಮುಟ್ಟುವುದಿಲ್ಲ, ಅವಳು ಕೇಳುವವರೆಗೆ ದಯವಿಟ್ಟು ತಾಳಿ ಎಂದಿದ್ದರು. ನೀವಿಬ್ಬರೂ ಮಾತಾಡಿಕೊಳ್ಳುತ್ತಿದ್ದೀರಿ ಎಂದುಕೊಂಡೆ. ಹೌದಲ್ಲವೇ?'

"ಮೊದಲ ದಿನವೇ" ಎಂದಳು. ಅದನ್ನೇ ಮೂರು ಸಲ ಹೇಳಿದಳು. ಆ ಮನುಷ್ಯನಿಗೆ ಬರೆಯುತ್ತಾನೆ, ಅವಳಿಗೆ ಬರೆಯುವುದಿಲ್ಲ. ಇವಳು ಅವನಿಗಾಗಿ ಕಾಯುತ್ತಿದ್ದಾಳೆ, ಅವನು ಇವಳಿಗಾಗಿ ಕಾಯುತ್ತಿದ್ದಾನೆ, ನಡುವೆ ಇಬ್ಬರನ್ನೂ ಕಾಯುತ್ತ ಗೊತ್ತುಗುರಿಯಿಲ್ಲದ ಒಬ್ಬ ಪರದೇಶಿ. ಒಳ್ಳೇ ವಂಶ ಕಣಪ್ಪ!

"ಕೇಳು ಅಂತಿದಾನೆ, ಕೇಳೇ" ಎಂದೆ. "ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ನಂಗೆ ಅವನು ಬೇಕು ರೀ" ಎಂದಳು. ಐದು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. "ಮನೇಲಿ ಓಡಾಡ್ಕೊಂಡಿರಬೇಕು. ಚಾ ಆರಿಹೋಯ್ತು ಅಂತ ಗೊಣಗಬೇಕು. ಹೇಗೆ ಕೇಳೋದು ಅಂತಲೇ ಗೊತ್ತಾಗ್ತಿಲ್ಲ. ನಾನು ಅವನನ್ನ ಯಾವತ್ತೂ ಏನೂ ಕೇಳಿಲ್ಲ."

ಭಾನುವಾರ ಬೆಳಿಗ್ಗೆಯೆಲ್ಲ ಬರೆದಳು, ಅಳಿಸಿದಳು. ನೆಲ ಒರೆಸಲು ಎದ್ದಳು, ಅರ್ಧ ಒರೆಸಿ ಮತ್ತೆ ಕೂತಳು. ಕೊನೆಗೆ ಕಳಿಸಿದ್ದು ಇಷ್ಟು: 'ಒತ್ತು, ಜಾಗದ ಲೆಕ್ಕ ತಪ್ಪಿದೆ. ನೀನು ತಿದ್ದುತ್ತೀಯಾ, ನಾನು ತಿದ್ದಲಾ? ನಿನ್ನನ್ನ ಕೇಳ್ತಾ ಇದೀನಿ.'

ಅರ್ಧ ನೆಲ ಇನ್ನೂ ಒದ್ದೆಯಿತ್ತು, ಉತ್ತರ ಬಂದೇಬಿಟ್ಟಿತು. 'ತಿದ್ದಿದೀನಿ. ನೋಡಿ ಸೇರಿಸು.' ಜೊತೆಗೇ ತಿದ್ದಿದ ಭಾಗ. ಎಷ್ಟು ದಿನದಿಂದ ಸಿದ್ಧ ಮಾಡಿಟ್ಟುಕೊಂಡು ಕೂತಿದ್ದನೋ!

ಇಬ್ಬರು ಒಡೆಯರಿರುವಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು, ಅದು ಅವರ ಪದ್ಧತಿ. ಇವಳು ಅವನ ತಿದ್ದುಪಡಿಯನ್ನು ಸಾಲುಸಾಲಾಗಿ ನೋಡಿದಳು. ಪ್ರತಿ ಒತ್ತಿಗೂ ಅದರದ್ದೇ ಜಾಗ ಕೊಟ್ಟಿದ್ದ. ಪದ ಇನ್ನೂ ಉದ್ದವಾದರೆ ಒಳಗೆ ಬಿಡದೆ ಬಾಗಿಲಲ್ಲೇ ನಿಲ್ಲಿಸುವ ಹಾಗೂ ಮಾಡಿದ್ದ. ಆ ಪರದೇಶಿಯ ಹಾಳು ಪದವನ್ನು ತಿನ್ನಿಸಿದಳು. 'ಸಾಲು' ಬೀಳಲಿಲ್ಲ. ಇನ್ನೂ ಉದ್ದದ್ದನ್ನು ತಿನ್ನಿಸಿದಳು, ಬೀಳಲಿಲ್ಲ. ಮತ್ತೆ ಮೊದಲಿಂದ ನೋಡಿದಳು.

"ಇನ್ನೂ ಏನೇ ಹುಡುಕ್ತಿದೀಯ?"

"ಒಂದು ತಪ್ಪಾದ್ರೂ ಇರಬಾರದಾ ರೀ" ಎಂದಳು. "ಮತ್ತೆ ಬರಿಯೋಕೆ."

ಇರಲಿಲ್ಲ. ಸೇರಿಸಿದಳು. ಹೊಸ 'ಸಾಲು' ಲೋಕಕ್ಕೆ ಹೋಯಿತು, ಪುಸ್ತಕಾಲಯದವರೂ ಹಾಕಿಕೊಂಡರು, ಪರದೇಶಿ ವಂದನೆ ಹೇಳಿ ತನ್ನ ಪಾಡಿಗೆ ತಾನಾದ. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಅವಳದು ಇಳಿಯಲಿಲ್ಲ. ತಮ್ಮನಿಂದ ಮತ್ತೆ ಸದ್ದಿಲ್ಲ. ಕೆಲಸ ಮುಗಿದಿತ್ತಲ್ಲ, ಇನ್ನು ಬರೆಯಲು ಏನಿದೆ? ಅವಳು ಈಗಲೂ ಹಲ್ಲುಜ್ಜುವ ಮೊದಲು ಮೇಲ್ ನೋಡುತ್ತಿದ್ದಳು. ತೂತಿದ್ದಾಗ ಕಾಯಲು ಒಂದು ಕಾರಣವಾದರೂ ಇತ್ತು.

ಹೀಗೇ ಒಂದು ರಜೆಯ ದಿನ. ಊಟ ಮುಗಿಸಿ ಎಲೆಅಡಿಕೆಯಿಲ್ಲ, ನಿದ್ದೆಯಿಲ್ಲ, ನೇರ ಹೋಗಿ ಮೇಜಿನ ಮುಂದೆ ಕೂತಳು. ಇಬ್ಬರಿಗೂ ಬಂದಿದ್ದ ಅದೇ ಹಳೇ ಪತ್ರದ ಕೆಳಗೆ, ಏನನ್ನೂ ಯೋಚಿಸದೆ, ತಮ್ಮನಿಗೆಂದು 'ಊಟ ಆಯ್ತಾ?' ಎಂದು ಬರೆದು ಕಳಿಸಿಬಿಟ್ಟಳು. ಆ ಪತ್ರದ ಸಾಲಿನಲ್ಲಿ ಪರದೇಶಿಯ ವಿಳಾಸವೂ ಇತ್ತೆಂಬುದು ಅವಳಿಗೆ ಜ್ಞಾಪಕವೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಅವನ ಉತ್ತರ. ಯಂತ್ರದಿಂದ ಅನುವಾದ ಮಾಡಿಸಿಕೊಂಡು, ತನ್ನನ್ನೇ ಕೇಳಿದ್ದೆಂದು ತಿಳಿದು, 'ಆಯಿತು, ವಿಚಾರಿಸಿದ್ದಕ್ಕೆ ತುಂಬ ಸಂತೋಷ. ನಿಮ್ಮದು?' ಎಂದಿದ್ದ ಪಾಪ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಎಷ್ಟೋ ಕಾಲದ ಮೇಲೆ ಅವಳ ನಗು ಕೇಳಿದೆ. ನಗು ನಿಂತ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಯನ್ನೇ ನೋಡುತ್ತ ಕೂತಳು. ಕೇಳಿದ್ದು ಒಬ್ಬರನ್ನು, ಉತ್ತರ ಕೊಟ್ಟದ್ದು ಇನ್ನೊಬ್ಬರು.

ನಾಲ್ಕು ಗಂಟೆ ದಾಟಿತ್ತು. ನಾನು ಯೂನಿಫಾರಂಗೆ ಇಸ್ತ್ರಿ ಹಾಕುತ್ತಿದ್ದೆ. ಅವಳು "ರೀ" ಎಂದಳು. ಹೋಗಿ ನೋಡಿದೆ. ತಮ್ಮನ ಉತ್ತರ ಬಂದಿತ್ತು.

'ಇನ್ನೂ ಇಲ್ಲ ಅಕ್ಕ.'

ಅಷ್ಟೇ. ಅದರ ಕೆಳಗೆ ಊರಿಲ್ಲ, ನಂಬರಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದಾಯಿತು. ಇಸ್ತ್ರಿಪೆಟ್ಟಿಗೆ ಆರಿಸಿ ನಾನೂ ಹಿಂದೆಯೇ ಹೋದೆ. ಮಧ್ಯಾಹ್ನದ್ದೇ ಬೇಕಾದಷ್ಟು ಉಳಿದಿತ್ತು. ಆದರೂ ಅವಳು ಒಲೆ ಹಚ್ಚಿ ನೀರು ಕಾಯಲು ಇಟ್ಟಿದ್ದಳು.

"ಅವನು ಯಾವ ಊರಲ್ಲಿದಾನೋ ನಮಗೆ ಗೊತ್ತಿಲ್ಲ" ಎಂದೆ. ಬೈಯಲು ಹೋಗಿದ್ದೆ, ದನಿ ಏರಲಿಲ್ಲ. "ಇಲ್ಲಿ ಯಾರಿಗೇ ಅಡುಗೆ ಮಾಡ್ತಿದೀಯ?"

"ಊಟ ಆಗಿಲ್ಲ ಅಂದಿದಾನಲ್ಲ ರೀ" ಎಂದಳು. "ಕೇಳಿದ ಮೇಲೆ ಸುಮ್ನೆ ಹೇಗೆ ಕೂರ್ಲಿ?"